‘ಸಿನಿಮಾ ಬಿಡುಗಡೆಯಾದ ಮೇಲೆ ಕೊಡುತ್ತೇವೆ’ ಎಂದರೆ ಕೂಲಿಗೆ ಕಾಯಬೇಕೇ?

ಪ್ರಶ್ನೆ: ನಾವು ಕಾಸರಗೋಡು ಜಿಲ್ಲೆಯ ಕುಂಬಳೆ ಸಮೀಪದವರು. ನನ್ನ ಅಕ್ಕನ ಮಗನಿಗೆ 25 ವರ್ಷ. ಜಾತ್ರೆ, ಕೋಲ, ಮದುವೆಗಳಿಗೆ ದೀಪಾಲಂಕಾರ ಮಾಡುವ ಅಂಗಡಿಯಲ್ಲಿ ಕೆಲಸಕ್ಕಿದ್ದ. ಈ ವರ್ಷದ ಆರಂಭದಲ್ಲಿ ನಮ್ಮ ಊರಿನವನೇ ಆದ ಒಬ್ಬ ಏಜೆಂಟ್ ಅವನನ್ನು ಮಲಯಾಳಂ ಸಿನಿಮಾವೊಂದರ ಲೈಟ್ ಕೆಲಸಕ್ಕೆ ಸೇರಿಸಿದ. ದಿನಕ್ಕೆ 900 ರೂಪಾಯಿ ಎಂದು ಮಾತಾಗಿತ್ತು. ಚಿತ್ರೀಕರಣ ನಮ್ಮ ಜಿಲ್ಲೆಯಲ್ಲೇ 38 ದಿನ ನಡೆಯಿತು. ಬೆಳಗ್ಗೆ 5ಕ್ಕೆ ಹೋದರೆ ರಾತ್ರಿ 10ಕ್ಕೂ ಬಿಡುತ್ತಿರಲಿಲ್ಲ. ಸಿಕ್ಕಿದ್ದು ಒಟ್ಟು 9,000. ಉಳಿದದ್ದು ಸಿನಿಮಾ ಬಿಡುಗಡೆಯಾದ ಮೇಲೆ ಎನ್ನುತ್ತಾರೆ. ಒಪ್ಪಂದಪತ್ರವಿಲ್ಲ; ಮಲಯಾಳದಲ್ಲಿದ್ದ ಎರಡು ವೋಚರುಗಳಿಗೆ ಓದದೆ ಸಹಿ ಹಾಕಿದ್ದಾನೆ. ಒಮ್ಮೆ ಏಣಿಯಿಂದ ಬಿದ್ದು ಮಣಿಕಟ್ಟು ಮುರಿದುಕೊಂಡ. ಚಿಕಿತ್ಸೆಯ ಖರ್ಚು ನಮ್ಮದೇ. ಈಗ ಅದೇ ಏಜೆಂಟ್ ನನ್ನ ಮಗಳನ್ನು ಜೂನಿಯರ್ ಆರ್ಟಿಸ್ಟ್ ಆಗಿ ಕಳುಹಿಸಿ ಎಂದು ಕೇಳುತ್ತಿದ್ದಾನೆ. ನಾವು ಏನು ಮಾಡಬೇಕು?

ಉತ್ತರ: ಕಾಯಬೇಕಾಗಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ನಿಮ್ಮ ಪತ್ರದ ಧಾಟಿಯಲ್ಲಿ ‘ಸಿನಿಮಾ ಎಂದರೆ ಹೀಗೆಯೇ ಇರಬಹುದೇನೋ’ ಎಂಬ ಅಳುಕು ಕಾಣುತ್ತದೆ. ಸಿನಿಮಾ ಗೆಲ್ಲುತ್ತದೋ ಸೋಲುತ್ತದೋ ಎಂಬುದು ಹಣ ಹೂಡಿದವರ ಚಿಂತೆ. ನಿಮ್ಮ ಹುಡುಗ ಪಾಲುದಾರನಲ್ಲ. ಚಿತ್ರ ನೂರು ದಿನ ಓಡಿದರೆ ಅವನಿಗೆ ಲಾಭದಲ್ಲಿ ಪಾಲು ಕೊಡುತ್ತೇವೆ ಎಂದು ಯಾರೂ ಹೇಳಿರಲಿಲ್ಲ. ಲಾಭದಲ್ಲಿ ಪಾಲಿಲ್ಲದವನ ಮೇಲೆ ನಷ್ಟದ ಭಾರ ಹೊರಿಸುವುದು ಯಾವ ನ್ಯಾಯ? ಮನೆ ಮಾರಾಟವಾಗುವ ತನಕ ಗಾರೆ ಕೆಲಸದವನ ಕೂಲಿ ತಡೆಹಿಡಿಯುತ್ತೇನೆ ಎಂದರೆ ನಮ್ಮಲ್ಲಿ ಯಾರೂ ಒಪ್ಪುವುದಿಲ್ಲ. ಕ್ಯಾಮೆರಾ ಇಟ್ಟ ಜಾಗದಲ್ಲಿ ಮಾತ್ರ ಅದೇ ಮಾತು ಸಹಜವೆಂಬಂತೆ ಕೇಳಿಸುತ್ತದೆ.

ಕಾಸರಗೋಡಿಗೆ ಸಿನಿಮಾ ಹೊಸತಲ್ಲ. 1995ರಲ್ಲಿ ಬಂದ ತಮಿಳು ಚಿತ್ರವೊಂದರ ಮಳೆಯ ಹಾಡಿನಿಂದ ಬೇಕಲ ಕೋಟೆ ದೇಶಕ್ಕೆಲ್ಲ ಪರಿಚಯವಾಯಿತು. ಆದರೆ ಆಗ ತಂಡಗಳು ಹೊರಗಿನಿಂದ ಬಂದು, ಹಾಡೊಂದನ್ನು ಮುಗಿಸಿ ಹೊರಟುಹೋಗುತ್ತಿದ್ದವು. ಈ ಹತ್ತು ವರ್ಷಗಳಲ್ಲಿ ಸಂಗತಿ ಬದಲಾಗಿದೆ. ಮಲಯಾಳಂ ಚಿತ್ರಗಳು ನಮ್ಮ ಊರು, ನಮ್ಮ ಮಾತಿನ ಧಾಟಿ, ನಮ್ಮ ಮುಖಗಳನ್ನೇ ಕಥೆಯಾಗಿಸಿಕೊಂಡು ಇಲ್ಲೇ ತಿಂಗಳುಗಟ್ಟಲೆ ಬೀಡುಬಿಡುತ್ತಿವೆ. ಇದು ನನಗೆ ಸಂತೋಷದ ಸಂಗತಿಯೇ. ಆದರೆ ಕೊಚ್ಚಿಯಿಂದ ಬರುವ ಲೈಟ್ ಕೆಲಸಗಾರನಿಗೆ ಕೇರಳದ ಸಿನಿಮಾ ಕೆಲಸಗಾರರ ಒಕ್ಕೂಟವಾದ ಫೆಫ್ಕಾದ ಯೂನಿಯನ್ ಇದೆ, ಅಲ್ಲಿ ನಿಗದಿಯಾದ ದರವಿದೆ. ಅವನ ಹಣ ಬಾಕಿಯಾದರೆ ಕೇಳುವವರಿದ್ದಾರೆ. ಕುಂಬಳೆಯಿಂದ, ಬದಿಯಡ್ಕದಿಂದ, ಮುಳ್ಳೇರಿಯದಿಂದ ಹೋಗುವ ಹುಡುಗ ಅಲ್ಲಿಯ ಸದಸ್ಯನಲ್ಲ, ಬೆಂಗಳೂರಿನ ಕನ್ನಡ ಚಿತ್ರರಂಗದ ಸಂಘಗಳಿಗಂತೂ ಅವನು ಕೇರಳದವನು. ತಲಪಾಡಿ ಗಡಿಯ ಆಚೆಗೂ ಈಚೆಗೂ ಅವನ ಹೆಸರು ಯಾವ ಪುಸ್ತಕದಲ್ಲೂ ಇರುವುದಿಲ್ಲ. ಅವನು ಅಗ್ಗವಾಗುವುದು ಈ ಕಾರಣಕ್ಕೆ. ಕೆಲಸ ಗೊತ್ತಿಲ್ಲ ಎಂಬ ಕಾರಣಕ್ಕಲ್ಲ. ಜಾತ್ರೆಯ ಗದ್ದೆಯಲ್ಲಿ ಒಂದೇ ರಾತ್ರಿ ಸಾವಿರ ದೀಪಗಳನ್ನು ಕಟ್ಟಿದ ಹುಡುಗನಿಗೆ ತಂತಿ, ಹೊರೆ, ಎತ್ತರ ಎಲ್ಲವೂ ಗೊತ್ತು.

ಇನ್ನು ಕಾನೂನು. ಸಿನಿಮಾ ಕೆಲಸಗಾರರಿಗಾಗಿಯೇ ದೇಶದಲ್ಲಿ 1981ರಲ್ಲಿ ಪ್ರತ್ಯೇಕ ಕಾಯಿದೆಯೊಂದು ಬಂತು. ಲಿಖಿತ ಒಪ್ಪಂದವಿಲ್ಲದೆ, ಆ ಒಪ್ಪಂದವನ್ನು ಅಧಿಕಾರಿಯ ಬಳಿ ನೋಂದಾಯಿಸದೆ ಯಾರನ್ನೂ ಕಥಾಚಿತ್ರದ ಕೆಲಸಕ್ಕೆ ಇಟ್ಟುಕೊಳ್ಳಬಾರದು ಎಂಬುದೇ ಅದರ ಬೆನ್ನೆಲುಬು. ಗುತ್ತಿಗೆದಾರನ ಮೂಲಕ ಬಂದವನಾದರೆ ಗುತ್ತಿಗೆದಾರನ ಜೊತೆಗೆ ನಿರ್ಮಾಪಕನೂ ಸಹಿ ಹಾಕಬೇಕಿತ್ತು. ನಾಲ್ಕು ದಶಕ ಕಳೆದರೂ ಬಹುಪಾಲು ಸೆಟ್‌ಗಳಲ್ಲಿ ಆ ಕಾಗದದ ಮುಖ ಕಂಡವರು ಕಡಿಮೆ. 2025ರ ನವೆಂಬರ್ 21ರಂದು ಹಳೆಯ ಕಾರ್ಮಿಕ ಕಾಯಿದೆಗಳನ್ನು ಒಟ್ಟುಗೂಡಿಸಿದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಾಗ ಈ ಹಳೆಯ ಕಾಯಿದೆ, ವೃತ್ತಿ ಸುರಕ್ಷತೆ ಮತ್ತು ಕೆಲಸದ ಸ್ಥಿತಿಗತಿಯ ಸಂಹಿತೆಯಲ್ಲಿ ಸೇರಿಕೊಂಡಿತು. ಅಲ್ಲಿ ‘ದೃಶ್ಯ–ಶ್ರವ್ಯ ಕೆಲಸಗಾರ’ ಎಂಬ ಹೊಸ ಹೆಸರಿದೆ. ಸಿನಿಮಾದವರಷ್ಟೇ ಅಲ್ಲ, ಧಾರಾವಾಹಿ, ಜಾಹೀರಾತು, ವೆಬ್ ಸರಣಿಗಳಲ್ಲಿ ದುಡಿಯುವವರೂ, ಸಾಹಸ ಕಲಾವಿದರೂ ಅದರೊಳಗೆ ಬರುತ್ತಾರೆ. ನೇರವಾಗಿ ಸೇರಿದವನಾಗಲಿ ಗುತ್ತಿಗೆದಾರನ ಮೂಲಕ ಸೇರಿದವನಾಗಲಿ ವ್ಯತ್ಯಾಸವಿಲ್ಲ. ಲಿಖಿತ ಒಪ್ಪಂದದ ಕಡ್ಡಾಯ ಹಾಗೆಯೇ ಉಳಿದಿದೆ.

ಕೇರಳ ಸರ್ಕಾರ ಈ ಸಂಹಿತೆಗಳನ್ನು ವಿರೋಧಿಸುತ್ತ ಬಂದಿದ್ದರಿಂದ ಯಾವ ಕಾನೂನು, ಯಾವ ನಿಯಮ ಎಂಬ ಗೊಂದಲ ಕಚೇರಿಗಳಲ್ಲೂ ಇದೆ. ಅದು ನಿಮ್ಮನ್ನು ಹೆದರಿಸದಿರಲಿ. ದುಡಿದವನಿಗೆ ಕೂಲಿ ಕೊಡಬೇಕು ಎಂಬುದು ಹಳೆಯದರಲ್ಲೂ ಇತ್ತು, ಹೊಸದರಲ್ಲೂ ಇದೆ. ಅರ್ಜಿಯಲ್ಲಿ ಕಲಮಿನ ಸಂಖ್ಯೆ ತಪ್ಪಾದ ಮಾತ್ರಕ್ಕೆ ಹಕ್ಕು ಬಿದ್ದುಹೋಗುವುದಿಲ್ಲ.

ನೀವು ‘ಒಪ್ಪಂದಪತ್ರವಿಲ್ಲ’ ಎಂದು ತಪ್ಪೊಪ್ಪಿಕೊಂಡಂತೆ ಬರೆದಿದ್ದೀರಿ. ಒಪ್ಪಂದ ಬರೆದುಕೊಡಬೇಕಾದ ಹೊಣೆ ನಿರ್ಮಾಪಕನದು. ಅವನು ಬರೆಯದಿದ್ದುದು ಅವನ ಲೋಪ. ಇದನ್ನು ನಾನು ಒತ್ತಿ ಹೇಳುವುದಕ್ಕೆ ಒಂದು ಹಿನ್ನೆಲೆ ಇದೆ. ನನ್ನ ತಾಯಿ ಮಂಜೇಶ್ವರದಲ್ಲಿ ಬೀಡಿ ಕಟ್ಟುತ್ತಿದ್ದರು. ಎಲೆ, ತಂಬಾಕು ಕೊಡುವವನು, ಕಟ್ಟಿದ ಬೀಡಿಯನ್ನು ಆರಿಸಿ ‘ಇದು ಸರಿಯಿಲ್ಲ’ ಎಂದು ಬದಿಗೆ ತಳ್ಳುವವನು, ಶನಿವಾರ ಹಣ ಎಣಿಸುವವನು ಎಲ್ಲ ಒಬ್ಬನೇ, ಊರಿನ ಗುತ್ತಿಗೆದಾರ. ಕಂಪೆನಿಯ ಮಾಲಿಕರ ಮುಖವನ್ನು ಅಮ್ಮ ಒಮ್ಮೆಯೂ ಕಂಡಿರಲಿಲ್ಲ. ‘ಇವರು ನಮ್ಮ ಕೆಲಸಗಾರರೇ ಅಲ್ಲ’ ಎಂದು ಕಂಪೆನಿ ಹೇಳುವುದಕ್ಕೆ ಆ ಗುತ್ತಿಗೆದಾರನೇ ಗೋಡೆ. ಬೀಡಿ ಕೆಲಸಗಾರರಿಗೆ 1966ರಲ್ಲಿ ಪ್ರತ್ಯೇಕ ಕಾಯಿದೆಯಾದರೂ ಅಮ್ಮನ ಕೈಗೆ ಹೆಸರಿರುವ ಪುಸ್ತಕ ಬರಲು ವರ್ಷಗಳೇ ಹಿಡಿದವು. ಆ ಪುಸ್ತಕ ಬಂದ ದಿನ ಅದನ್ನು ದೇವರ ಮುಂದೆ ಇಟ್ಟಿದ್ದರು. ಇಂದು ಸಿನಿಮಾ ಸೆಟ್‌ನ ಏಜೆಂಟನ ಕಥೆ ಕೇಳುವಾಗಲೆಲ್ಲ ನನಗೆ ಆ ಶನಿವಾರಗಳು ನೆನಪಾಗುತ್ತವೆ. ಗೋಡೆ ಬೇರೆ, ಕಟ್ಟಿದ ಉದ್ದೇಶ ಒಂದೇ. ಅದೃಷ್ಟಕ್ಕೆ ಕಾನೂನು ಈ ಗೋಡೆಯನ್ನು ಮಾನ್ಯ ಮಾಡುವುದಿಲ್ಲ. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಅಥವಾ ಕಡಿಮೆ ಕೊಟ್ಟರೆ ಮೂಲ ಉದ್ಯೋಗದಾತನೇ ಅಷ್ಟನ್ನೂ ತುಂಬಿಕೊಡಬೇಕು.

ಈಗ ಲೆಕ್ಕ ಮಾಡೋಣ. 38 ದಿನಕ್ಕೆ 900ರಂತೆ 34,200 ರೂಪಾಯಿ. ಬಂದದ್ದು 9,000. ಬಾಕಿ 25,200. ನೀವು ಇಲ್ಲಿಗೆ ನಿಲ್ಲಿಸಿದ್ದೀರಿ, ನಾನು ನಿಲ್ಲಿಸುವುದಿಲ್ಲ. ಬೆಳಗ್ಗೆ 5ರಿಂದ ರಾತ್ರಿ 10ರ ತನಕ 17 ಗಂಟೆ. ಊಟ, ವಿರಾಮಕ್ಕೆ ಮೂರು ಗಂಟೆ ಕಳೆದರೂ 14 ಗಂಟೆಯ ದುಡಿಮೆ. 900 ರೂಪಾಯಿಯನ್ನು ಎಂಟು ಗಂಟೆಯ ದಿನಕ್ಕೆ ಎಂದು ಹಿಡಿದರೆ ಗಂಟೆಗೆ 112 ರೂಪಾಯಿ 50 ಪೈಸೆ. ಹೆಚ್ಚುವರಿ ದುಡಿಮೆಗೆ ಇಮ್ಮಡಿ ದರ, ಅಂದರೆ 225. ದಿನಕ್ಕೆ ಆರು ಹೆಚ್ಚುವರಿ ಗಂಟೆಗೆ 1,350. 38 ದಿನಕ್ಕೆ 51,300. ಅವನು ಒಪ್ಪಿಕೊಂಡ ಕೂಲಿಗಿಂತ ಅವನಿಂದ ಲೆಕ್ಕವಿಲ್ಲದೆ ತೆಗೆದುಕೊಂಡ ದುಡಿಮೆಯ ಬೆಲೆಯೇ ಹೆಚ್ಚು! ಅಧಿಕಾರಿ ಇಷ್ಟನ್ನೂ ಒಪ್ಪಿಯೇ ಒಪ್ಪುತ್ತಾರೆ ಎಂದು ನಾನು ಮಾತು ಕೊಡಲಾರೆ. ಒಂದು ಕಾಲ್‌ಶೀಟ್ ಎಂದರೆ ಇಷ್ಟು ಗಂಟೆ ಎಂಬ ತಮ್ಮ ರೂಢಿಯನ್ನು ಸಿನಿಮಾದವರು ಮುಂದಿಡುತ್ತಾರೆ, ಬಾಟಾ, ಅಂದರೆ ದಿನಭತ್ಯೆ, ಕೊಟ್ಟಿದ್ದೇವೆ ಎನ್ನುತ್ತಾರೆ. ಆದರೂ ಅರ್ಜಿಯಲ್ಲಿ 76,500 ರೂಪಾಯಿ ಎಂದೇ ಬರೆಯಿರಿ. ಕೇಳದೆ ಬಿಟ್ಟದ್ದನ್ನು ಯಾವ ಅಧಿಕಾರಿಯೂ ತಾನಾಗಿ ಕೊಡಿಸುವುದಿಲ್ಲ.

ಆ ನಾಲ್ಕು ಸಂಹಿತೆಗಳಲ್ಲಿ ಒಂದಾದ ವೇತನ ಸಂಹಿತೆಯ ಪ್ರಕಾರ ದಿನಗೂಲಿಯವನಿಗೆ ಅಂದಂದಿನ ಪಾಳಿ ಮುಗಿದಾಗ ಹಣ ಸಲ್ಲಬೇಕು. ಕೆಲಸ ಬಿಟ್ಟವನ, ಬಿಡಿಸಲ್ಪಟ್ಟವನ ಬಾಕಿಯನ್ನು ಎರಡು ಕೆಲಸದ ದಿನಗಳೊಳಗೆ ತೀರಿಸಬೇಕು. ಬಾಕಿ ಕೇಳಲು ಮೂರು ವರ್ಷಗಳ ಅವಧಿ ಇದೆ. ಬಾಕಿಯಷ್ಟೇ ಅಲ್ಲದೆ ಅದರ ಹತ್ತು ಪಟ್ಟಿನ ತನಕ ಪರಿಹಾರ ವಿಧಿಸುವ ಅಧಿಕಾರ ವಿಚಾರಣಾಧಿಕಾರಿಗೆ ಇದೆ. ಎಲ್ಲಕ್ಕಿಂತ ದೊಡ್ಡ ಮಾತೆಂದರೆ, ಕೂಲಿ ಕೊಟ್ಟಿಲ್ಲ ಎಂಬ ದೂರು ಬಂದಾಗ ‘ಕೊಟ್ಟಿದ್ದೇವೆ’ ಎಂದು ಸಾಬೀತು ಮಾಡುವ ಭಾರ ಉದ್ಯೋಗದಾತನ ಮೇಲಿದೆ. ನಿಮ್ಮ ಹುಡುಗ ತೋರಿಸಬೇಕಾದದ್ದು ತಾನು ಅಲ್ಲಿ ದುಡಿದೆ ಎಂಬುದನ್ನು.

ಅದಕ್ಕೆ ಸಾಕ್ಷ್ಯ ಬೇಕಾದಷ್ಟು ಇರುತ್ತದೆ. ನಾಳೆ ಎಷ್ಟು ಗಂಟೆಗೆ ಎಲ್ಲಿಗೆ ಬರಬೇಕು ಎಂದು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬರುತ್ತಿದ್ದ ಸಂದೇಶಗಳೇ ಹಾಜರಿ ಪುಸ್ತಕ. ಅವನನ್ನು ಗುಂಪಿನಿಂದ ತೆಗೆದುಹಾಕುವ ಮೊದಲು ಇವತ್ತೇ ಎಲ್ಲವನ್ನೂ ಉಳಿಸಿಕೊಳ್ಳಿ, ಇನ್ನೊಂದು ಫೋನಿಗೂ ಕಳುಹಿಸಿಡಿ. 9,000 ರೂಪಾಯಿ ಫೋನಿನ ಮೂಲಕ ಬಂದಿದ್ದರೆ ಕಳುಹಿಸಿದವರ ಹೆಸರು ಬ್ಯಾಂಕಿನ ಪಾಸ್‌ಪುಸ್ತಕದಲ್ಲಿರುತ್ತದೆ. ಸೆಟ್‌ನಲ್ಲಿ ತೆಗೆದ ಫೋಟೋಗಳಲ್ಲಿ ದಿನಾಂಕ, ಜಾಗ ದಾಖಲಾಗಿರುತ್ತದೆ. ಜೊತೆಗೆ ದುಡಿದ ಇಬ್ಬರು ಬಂದು ಹೇಳಿದರೆ ಅದೂ ಸಾಕ್ಷ್ಯವೇ. ಒಂದು ನೋಟ್‌ಬುಕ್ ತೆಗೆದುಕೊಂಡು 38 ದಿನಗಳನ್ನೂ ಒಂದೊಂದು ಸಾಲಿನಲ್ಲಿ ಬರೆಯಲು ಹೇಳಿ: ಯಾವ ಜಾಗ, ಎಷ್ಟಕ್ಕೆ ಹೋದೆ, ಎಷ್ಟಕ್ಕೆ ಬಂದೆ. ಮರೆಯುವ ಮುನ್ನ ಬರೆಯಲಿ. ಓದದೆ ಸಹಿ ಹಾಕಿದ ವೋಚರುಗಳ ವಿಷಯವನ್ನು ಮುಚ್ಚಿಡಬೇಡಿ. ‘ನನಗೆ ಓದಲು ಬಾರದ ಲಿಪಿಯಲ್ಲಿತ್ತು, ಪೂರ್ಣ ಹಣ ಕೈಗೆ ಬಂದಿಲ್ಲ’ ಎಂದು ಅರ್ಜಿಯಲ್ಲೇ ಹೇಳಿಬಿಡಿ. ಆ ಮಾತು ಅವರ ಬಾಯಿಂದ ಮೊದಲು ಬರಬಾರದು.

ಲಿಪಿಯ ಮಾತು ಬಂದದ್ದರಿಂದ ಒಂದು ವಿಷಯ. ಅರ್ಜಿಯನ್ನು ಕನ್ನಡದಲ್ಲೇ ಬರೆಯಿರಿ. ನಮ್ಮ ಎಷ್ಟೋ ಜನ ಈ ಒಂದೇ ಅಡ್ಡಿಯಿಂದ ಹಿಂದೆ ಸರಿಯುತ್ತಾರೆ. ಮಲಯಾಳದಲ್ಲಿ ಬರೆಸಲು ಯಾರನ್ನೋ ಹಿಡಿಯಬೇಕು, ಅವನಿಗೆ ಹಣ ಕೊಡಬೇಕು, ಅವನು ಏನು ಬರೆದ ಎಂಬುದು ತಿಳಿಯದು. 1969ರ ಕೇರಳ ಅಧಿಕೃತ ಭಾಷಾ ಕಾಯಿದೆಯಲ್ಲೇ ಇದೆ: ರಾಜ್ಯದ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ಸೆಕ್ರೆಟರಿಯೇಟ್, ಇಲಾಖಾ ಮುಖ್ಯಸ್ಥರು ಹಾಗೂ ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸರ್ಕಾರಿ ಕಚೇರಿಗಳ ಜೊತೆ ತಮ್ಮ ಭಾಷೆಯಲ್ಲೇ ವ್ಯವಹರಿಸಬಹುದು, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು. ‘ಮಲಯಾಳದಲ್ಲಿ ಬರೆಸಿಕೊಂಡು ಬನ್ನಿ’ ಎಂದು ಯಾರಾದರೂ ಹೇಳಿದರೆ ಜಗಳ ಬೇಡ. ಈ ಕಾಯಿದೆಯ ಹೆಸರು ಹೇಳಿ, ಅರ್ಜಿಯ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಕೇಳಿ. ಬೇಗ ಕೆಲಸವಾಗಲಿ ಎಂದು ಮಲಯಾಳದ ಸಾರಾಂಶವೊಂದನ್ನು ಲಗತ್ತಿಸುವುದು ನಿಮ್ಮ ಇಷ್ಟ. ಆದರೆ ಮೂಲ ಅರ್ಜಿ ನೀವು ಓದಿ ಅರ್ಥ ಮಾಡಿಕೊಳ್ಳಬಲ್ಲ ಭಾಷೆಯಲ್ಲಿರಲಿ. ಓದದೆ ಸಹಿ ಹಾಕಿದ್ದು ಎರಡು ಸಲವಾಗಿದೆ, ಮೂರನೆಯದು ಬೇಡ.

ಮೊದಲು ನಿರ್ಮಾಣ ಸಂಸ್ಥೆಗೂ, ಚಿತ್ರೀಕರಣದ ಖರ್ಚು-ವ್ಯವಸ್ಥೆ ನೋಡಿಕೊಳ್ಳುವ ಪ್ರೊಡಕ್ಷನ್ ಕಂಟ್ರೋಲರ್‌ಗೂ ಬಾಕಿಯ ಲೆಕ್ಕ ತೋರಿಸಿ ಸ್ಪೀಡ್ ಪೋಸ್ಟ್‌ನಲ್ಲಿ ಪತ್ರ ಕಳುಹಿಸಿ, 15 ದಿನ ಸಮಯ ಕೊಡಿ. ಹಣ ಬರದಿದ್ದರೆ ಜಿಲ್ಲಾ ಕಾರ್ಮಿಕ ಕಚೇರಿಗೆ ದೂರು ಕೊಡಿ. ಕಂಪೆನಿ ಕೊಚ್ಚಿಯಲ್ಲಿದ್ದರೂ ಕೆಲಸ ನಡೆದದ್ದು ಇಲ್ಲಿ, ಹಾಗಾಗಿ ಅಲ್ಲಿಗೆ ಅಲೆಯಬೇಕಾಗಿಲ್ಲ. ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಕೈಗಾರಿಕಾ ಕಾರ್ಮಿಕರಿಗೆ ಆದಾಯ ನೋಡದೆ ಉಚಿತ ನೆರವು ಸಿಗುತ್ತದೆ, ಸಹಾಯವಾಣಿ 15100. ಇನ್ನೊಂದು, ಅನುಭವದ ಮಾತು: ಸಿನಿಮಾ ಬಿಡುಗಡೆಯಾಗುವ ಮುಂಚಿನ ವಾರಗಳಲ್ಲಿ ನಿರ್ಮಾಪಕನಿಗೆ ಯಾವ ತಕರಾರೂ ಬೇಡವಾಗಿರುತ್ತದೆ. ಬಿಡುಗಡೆಯಾದ ಮೇಲೆ ಆ ಸಿನಿಮಾಕ್ಕಾಗಿ ತೆರೆದ ಕಚೇರಿಯೇ ಇರುವುದಿಲ್ಲ, ಫೋನ್ ಸಂಖ್ಯೆಗಳೂ ಬದಲಾಗಿರುತ್ತವೆ. ‘ಬಿಡುಗಡೆಯ ನಂತರ’ ಎಂದು ಅವರು ಹೇಳುವಾಗ ನೀವು ‘ಬಿಡುಗಡೆಗೆ ಮೊದಲು’ ಎಂದು ಹಿಡಿದು ನಿಲ್ಲಬೇಕಾದದ್ದು ಇದಕ್ಕಾಗಿ.

ಏಣಿಯಿಂದ ಬಿದ್ದದ್ದನ್ನು ನೀವು ಒಂದು ಸಾಲಿನಲ್ಲಿ ಬರೆದು ಮುಗಿಸಿದ್ದೀರಿ. ನನಗೆ ಅದು ಸಣ್ಣದಾಗಿ ಕಾಣಲಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರವಲಯದ ಚಿತ್ರೀಕರಣದಲ್ಲಿ ಲೈಟ್ ಕೆಲಸದ ಯುವಕನೊಬ್ಬ ಎತ್ತರದಿಂದ ಬಿದ್ದು ಸತ್ತ. 2020ರ ಫೆಬ್ರವರಿ 19ರಂದು ಚೆನ್ನೈ ಬಳಿ ಕ್ರೇನ್ ಉರುಳಿ ಮೂವರು ಸತ್ತರು. 2016ರ ನವೆಂಬರ್ 7ರಂದು ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ಹೆಲಿಕಾಪ್ಟರ್‌ನಿಂದ ಹಾರಿದ ಇಬ್ಬರು ಕಲಾವಿದರು ಮುಳುಗಿದರು. ಪ್ರತಿ ಸಲವೂ ಒಂದು ವಾರ ಚರ್ಚೆಯಾಗುತ್ತದೆ, ಮತ್ತೆ ಅದೇ ಏಣಿ, ಅದೇ ಹಗ್ಗ. ಸುರಕ್ಷತಾ ಬೆಲ್ಟ್ ಕೊಡದೆ ಹುಡುಗರನ್ನು ಎತ್ತರಕ್ಕೆ ಹತ್ತಿಸುವುದನ್ನು ಕಂಡರೆ ನನಗೆ ಸಿಟ್ಟು ತಡೆಯಲಾಗುವುದಿಲ್ಲ.

ಕೆಲಸದಲ್ಲಿ ಗಾಯವಾದರೆ ಪರಿಹಾರ ಕೊಡಬೇಕೆಂಬುದು 1923ರಷ್ಟು ಹಳೆಯ ಕಾನೂನು. ಸಿನಿಮಾ ತಯಾರಿಕೆಯ ಕೆಲಸವನ್ನು ಅದರ ಪಟ್ಟಿಯಲ್ಲಿ ಹೆಸರಿಸಿಯೇ ಸೇರಿಸಿದ್ದರು. ಈಗ ಅದು ಸಾಮಾಜಿಕ ಭದ್ರತಾ ಸಂಹಿತೆಯೊಳಗಿದೆ. ಚಿಕಿತ್ಸೆಯ ನಿಜವಾದ ಖರ್ಚು ಉದ್ಯೋಗದಾತನದು. ದುಡಿಯಲಾಗದೆ ಮನೆಯಲ್ಲಿದ್ದ ದಿನಗಳಿಗೂ, ಮಣಿಕಟ್ಟಿನ ಶಕ್ತಿ ಶಾಶ್ವತವಾಗಿ ಕುಂದಿದ್ದರೆ ಅದಕ್ಕೂ ಪರಿಹಾರವಿದೆ. ಆಸ್ಪತ್ರೆಯ ಚೀಟಿಯಲ್ಲಿ ಗಾಯದ ಕಾರಣ ಏನೆಂದು ಬರೆದಿದ್ದಾರೆ ನೋಡಿ. ‘ಮನೆಯಲ್ಲಿ ಬಿದ್ದದ್ದು’ ಎಂದು ಹೇಳಿಸಿ ಬರೆಸುವ ಚಾಳಿ ಸೆಟ್‌ಗಳಲ್ಲಿದೆ. ಹಾಗಾಗಿದ್ದರೆ ಜೊತೆಗಿದ್ದವರ ಹೇಳಿಕೆ ಮುಖ್ಯವಾಗುತ್ತದೆ. ಬೇರೆ ಮನೆಯವರಿಗೂ ತಿಳಿದಿರಲಿ ಎಂದು ಹೇಳುತ್ತೇನೆ: ಹಳೆಯ ಕಾಯಿದೆಯ ಲೆಕ್ಕದಲ್ಲಿ, ತಿಂಗಳಿಗೆ 15,000 ಅಥವಾ ಹೆಚ್ಚು ದುಡಿಯುವ 25 ವರ್ಷದ ಕೆಲಸಗಾರ ಸತ್ತರೆ ಕುಟುಂಬಕ್ಕೆ ಸಲ್ಲಬೇಕಾದದ್ದು 16,26,825 ರೂಪಾಯಿ. ಸಾವಿನ ಪರಿಹಾರವನ್ನು ಅಧಿಕಾರಿಯ ಬಳಿ ಠೇವಣಿ ಇಡಬೇಕು, ಮನೆ ಬಾಗಿಲಿಗೆ ಬಂದು ಲಕೋಟೆ ಕೊಟ್ಟು ಸಹಿ ಮಾಡಿಸಿಕೊಂಡರೆ ಅದು ಲೆಕ್ಕಕ್ಕಿಲ್ಲ.

ಮಗಳ ವಿಷಯ. ಹೋಗಬೇಡ ಎಂದು ಹೇಳುವವಳು ನಾನಲ್ಲ. ನಟಿಸುವ ಆಸೆ ಇದ್ದರೆ ಅದು ಗೌರವದ ಆಸೆ. ಆದರೆ ಎಲ್ಲಿಗೆ ಹೋಗುತ್ತಿದ್ದಾಳೆ ಎಂಬುದು ನಿಮಗೆ ಗೊತ್ತಿರಬೇಕು. 2017ರಲ್ಲಿ ಕೊಚ್ಚಿಯಲ್ಲಿ ನಟಿಯೊಬ್ಬರ ಮೇಲೆ ನಡೆದ ದೌರ್ಜನ್ಯದ ನಂತರ, ಸಿನಿಮಾದ ಹೆಣ್ಣುಮಕ್ಕಳೇ ಡಬ್ಲ್ಯುಸಿಸಿ ಎಂಬ ಸಂಘಟನೆ ಕಟ್ಟಿ ಒತ್ತಾಯಿಸಿದ್ದರಿಂದ ಕೇರಳ ಸರ್ಕಾರ ನಿವೃತ್ತ ನ್ಯಾಯಮೂರ್ತಿ ಹೇಮಾ ಅವರ ಸಮಿತಿಯನ್ನು ನೇಮಿಸಿತು. ನಟಿ ಶಾರದಾ, ನಿವೃತ್ತ ಐಎಎಸ್ ಅಧಿಕಾರಿ ಕೆ.ಬಿ. ವತ್ಸಲಕುಮಾರಿ ಸದಸ್ಯರು. 2019ರ ಡಿಸೆಂಬರ್ 31ರಂದು ವರದಿ ಸರ್ಕಾರದ ಕೈ ಸೇರಿತು. ಹೆಸರುಗಳನ್ನು ಮರೆಮಾಚಿ ಹೊರಬಂದದ್ದು 2024ರ ಆಗಸ್ಟ್ 19ರಂದು. ನಾಲ್ಕೂವರೆ ವರ್ಷ ಅದು ಕಪಾಟಿನಲ್ಲಿತ್ತು.

ಪತ್ರಿಕೆಗಳೆಲ್ಲ ದೊಡ್ಡ ಹೆಸರುಗಳ ಬೆನ್ನು ಹತ್ತಿದವು. ನನ್ನನ್ನು ತಡೆದು ನಿಲ್ಲಿಸಿದ್ದು ಶೌಚಾಲಯದ ಪುಟಗಳು. ಹೊರಾಂಗಣ ಚಿತ್ರೀಕರಣದಲ್ಲಿ ಶೌಚಾಲಯವಿಲ್ಲದ ಕಾರಣ ಹೆಣ್ಣುಮಕ್ಕಳು ದಿನವಿಡೀ ನೀರು ಕುಡಿಯದೆ ಇರುತ್ತಾರೆ, ಅದರಿಂದ ಮೂತ್ರದ ಸೋಂಕಿಗೆ ತುತ್ತಾಗುತ್ತಾರೆ. ಬಟ್ಟೆ ಬದಲಿಸಲು ಮರೆ ಇಲ್ಲ. ಎಲ್ಲರಿಗಿಂತ ಕೆಳಗೆ ಜೂನಿಯರ್ ಆರ್ಟಿಸ್ಟ್‌ಗಳು: ಬೆಳಗಿನಿಂದ ರಾತ್ರಿಯ ತನಕ ಬಿಸಿಲಲ್ಲಿ ಕಾಯುವವರು, ಏಜೆಂಟ್ ಕಡಿತ ಮಾಡಿ ಉಳಿಸಿದ್ದನ್ನು ಪಡೆಯುವವರು. ನಮ್ಮ ಬಯಲಾಟದ ಚೌಕಿ ಎಷ್ಟೇ ಬಡದಾಗಿರಲಿ, ಅಲ್ಲಿ ಪ್ರತಿಯೊಬ್ಬ ವೇಷಧಾರಿಗೂ ಕುಳಿತು ಬಣ್ಣ ಹಚ್ಚಿಕೊಳ್ಳಲು ತನ್ನದೇ ಒಂದು ಜಾಗವಿರುತ್ತದೆ. ಕೋಟಿಗಳ ಲೆಕ್ಕದಲ್ಲಿ ನಡೆಯುವ ಉದ್ಯಮ ಅಷ್ಟನ್ನೂ ಕೊಡಲಾರದೆ?

ಆದ್ದರಿಂದ ಮಗಳು ಹೋಗುವುದಾದರೆ ಏಜೆಂಟನನ್ನಲ್ಲ, ನಿರ್ಮಾಣ ಸಂಸ್ಥೆಯನ್ನು ಕೇಳಿ: ಒಪ್ಪಂದಪತ್ರ ಎಲ್ಲಿ, ಹಣ ಅವಳ ಖಾತೆಗೇ ಬರುತ್ತದೆಯೇ, ಶೌಚಾಲಯ ಮತ್ತು ಬಟ್ಟೆ ಬದಲಿಸುವ ಕೋಣೆ ಇದೆಯೇ, ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿಯಲ್ಲಿ ಯಾರಿದ್ದಾರೆ. ಈ ಕೊನೆಯದನ್ನು ಕೇಳಲು ಹಿಂಜರಿಯಬೇಡಿ. ಪ್ರತಿ ಸಿನಿಮಾದ ನಿರ್ಮಾಣ ಘಟಕವನ್ನೂ ಒಂದು ಕೆಲಸದ ಸ್ಥಳವೆಂದೇ ಪರಿಗಣಿಸಿ ಸಮಿತಿ ರಚಿಸಬೇಕು ಎಂದು ಕೇರಳ ಹೈಕೋರ್ಟ್ 2022ರ ಮಾರ್ಚ್‌ನಲ್ಲಿ ತೀರ್ಪು ಕೊಟ್ಟಿದೆ. ಯೂನಿಯನ್ ಕಾರ್ಡ್ ಮಾಡಿಸಿಕೊಡುತ್ತೇನೆ ಎಂದು ಮುಂಗಡ ಹಣ ಕೇಳಿದರೆ ಅಲ್ಲಿಗೇ ಮಾತು ನಿಲ್ಲಿಸಿ.

ಮನೆಯಲ್ಲಿ ಚಿಕ್ಕ ಮಕ್ಕಳಿದ್ದು ಅವರನ್ನೂ ಕರೆದರೆ ಇಷ್ಟು ನೆನಪಿರಲಿ: ಜಿಲ್ಲಾಧಿಕಾರಿಯ ಅನುಮತಿ ಇಲ್ಲದೆ ಹದಿನಾಲ್ಕರೊಳಗಿನ ಮಗುವನ್ನು ಚಿತ್ರೀಕರಣಕ್ಕೆ ಬಳಸುವಂತಿಲ್ಲ. ದಿನಕ್ಕೆ ಐದು ಗಂಟೆಗಿಂತ ಹೆಚ್ಚಿಲ್ಲ. ಸಂಪಾದನೆಯ ಕನಿಷ್ಠ ಶೇಕಡ 20ನ್ನು ಮಗುವಿನ ಹೆಸರಿನಲ್ಲೇ ಬ್ಯಾಂಕಿನಲ್ಲಿ ಠೇವಣಿ ಇಡಬೇಕು.

ಕೊನೆಗೆ ಆ ಏಜೆಂಟ್. ‘ನಮ್ಮ ಊರಿನವನೇ’ ಎಂಬ ನಿಮ್ಮ ಮಾತಿನಲ್ಲಿ ದಾಕ್ಷಿಣ್ಯವಿದೆ. ದೂರು ಕೊಟ್ಟರೆ ನಾಳೆ ಜಾತ್ರೆಯಲ್ಲಿ, ಮದುವೆಯಲ್ಲಿ ಮುಖ ನೋಡುವುದು ಹೇಗೆ ಎಂಬ ಸಂಕೋಚವಿದೆ. ನಾನು ನಡೆಸಿದ ಇಂಥ ಪ್ರಕರಣಗಳಲ್ಲಿ ಊರಿನ ಏಜೆಂಟನಿಗೂ ಹಣ ಬಾಕಿ ಇದ್ದದ್ದೇ ಹೆಚ್ಚು. ಮೇಲಿನವರು ಅವನಿಗೆ ಹೇಳಿದ ‘ಬಿಡುಗಡೆಯ ನಂತರ’ ಎಂಬ ಮಾತನ್ನೇ ಅವನು ನಿಮಗೆ ದಾಟಿಸುತ್ತಿರಬಹುದು. ಪತ್ರ ಕಳುಹಿಸುವ ಮೊದಲು ಅವನ ಮನೆಗೆ ಹೋಗಿ. 38 ದಿನಗಳ ನೋಟ್‌ಬುಕ್ ಅವನ ಮುಂದಿಟ್ಟು ಎರಡೇ ಪ್ರಶ್ನೆ ಕೇಳಿ: ಇದು ಸರಿಯೇ? ನಿನಗೆ ಹಣ ಬಂದಿದೆಯೇ? ಬಂದಿಲ್ಲ ಎಂದರೆ ನೋಟ್‌ಬುಕ್ಕಿನ ಕೆಳಗೆ ಅವನ ಸಹಿ ತೆಗೆದುಕೊಳ್ಳಿ. ಅವನ ಮೂಲಕ ಹೋದ ಉಳಿದ ಹುಡುಗರನ್ನೂ ಸೇರಿಸಿ ಒಟ್ಟಿಗೆ ಜಿಲ್ಲಾ ಕಾರ್ಮಿಕ ಕಚೇರಿಯಿರುವ ವಿದ್ಯಾನಗರದ ಬಸ್ಸು ಹತ್ತಿ. ಬಂದಿದೆ, ಆದರೆ ಕೊಟ್ಟಿಲ್ಲ ಎಂದಾದರೆ ಅರ್ಜಿಯಲ್ಲಿ ನಿರ್ಮಾಪಕನ ಹೆಸರಿನ ಕೆಳಗೆ ಅವನ ಹೆಸರನ್ನೂ ಬರೆಯಿರಿ.